ಟ್ರಿಗರ್ ಫಿಂಗರ್ ಇಂಜೆಕ್ಷನ್: ಮರಗಟ್ಟಿಸುವ ಮದ್ದು ಬೆರೆಸಿದರೆ ನೋವು ಕಡಿಮೆಯೋ, ಜಾಸ್ತಿಯೋ?

ಪಾಂಡವಪುರದ ಹೈನುಗಾರ
ಬಲಗೈ ಉಂಗುರದ ಬೆರಳು ಆರು ತಿಂಗಳಿಂದ ಸಿಕ್ಕಿಕೊಳ್ಳುತ್ತಿದೆ. ಬೆಳಗ್ಗೆ ಎದ್ದಾಗ ಮಡಚಿಕೊಂಡೇ ಇರುತ್ತದೆ. ಎಡಗೈಯಲ್ಲಿ ಎಳೆದರೆ ಟಕ್ ಅಂತ ಬಿಚ್ಚಿಕೊಳ್ಳುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಮನೆಯಲ್ಲಿ ಮೂರು ಹಸು, ಕೈಯಲ್ಲೇ ಕರೆಯಬೇಕು. ಮಂಡ್ಯದಲ್ಲಿ ತೋರಿಸಿದೆ. ಟ್ರಿಗರ್ ಫಿಂಗರ್, ಅಂಗೈಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕೋಣ, ಸೋಮವಾರ ಬನ್ನಿ ಅಂದರು. ಅಂಗೈಗೆ ಸೂಜಿ ಅಂದ ತಕ್ಷಣ ಕೈ ಬೆವರಿತು. ಹಾಕಿಸಿಕೊಂಡವರು ಇದ್ದೀರಾ? ನೋವು ಕಡಿಮೆ ಆಗಲು ಡಾಕ್ಟರ ಹತ್ತಿರ ಏನು ಕೇಳಬೇಕು? ಶುಗರ್ ಇದೆ, ಮಾತ್ರೆ ತಗೊಳ್ತೀನಿ.

ಟೈಲರ್ ಅಕ್ಕ, ಮೈಸೂರು
ಕತ್ತರಿ ಹಿಡಿದು ಹಿಡಿದು ನನಗೆ ಹೆಬ್ಬೆರಳಿಗೆ ಬಂದಿತ್ತು. ಎರಡು ಸಲ ಹಾಕಿಸಿಕೊಂಡಿದ್ದೇನೆ. ಮೊದಲನೇ ಸಲ ಮರಗಟ್ಟಿಸುವ ಮದ್ದು ಬೆರೆಸಿ ಕೊಟ್ಟರು. ಅಯ್ಯೋ, ಕೆಂಡ ಇಟ್ಟ ಹಾಗಾಯಿತು. ಎರಡನೇ ಸಲ ಬೇರೆ ಡಾಕ್ಟರು. ಬರೀ ಸ್ಟೀರಾಯ್ಡ್, ಕೂದಲಿನಷ್ಟು ಸಣ್ಣ ಸೂಜಿ. ಚುರ್ ಅಂತು, ಮುಗೀತು. ಬೆರೆಸಬೇಡಿ ಅಂತ ಮೊದಲೇ ಹೇಳಿಬಿಡಿ ಅಣ್ಣ.

ಆಲೆಮನೆ ಬೆಲ್ಲ, ಮಂಡ್ಯ
ಅಕ್ಕ, ಒಬ್ಬರಿಗೆ ಆಗಿದ್ದನ್ನು ಎಲ್ಲರಿಗೂ ಹೇಳಬಾರದು. ನನಗೂ ಬೆರೆಸಿಯೇ ಕೊಟ್ಟಿದ್ದು. ಹತ್ತು ಎಣಿಸುವಷ್ಟು ಹೊತ್ತು ಉರಿ, ಆಮೇಲೆ ಬೆರಳೇ ಇಲ್ಲ ಅನ್ನುವ ಹಾಗೆ ಜೋಮು. ಮನೆಗೆ ಬಂದು ಊಟ ಮಾಡಿ ಮಲಗುವವರೆಗೂ ನೋವಿಲ್ಲ. ನರದಲ್ಲಿ ಗಂಟು ಕಟ್ಟಿರುವ ಜಾಗಕ್ಕೆ ಸುಮ್ನೆ ಸೂಜಿ ಹಾಕಿಸಿಕೊಳ್ಳಿ ಅಂದರೆ ಹೇಗೆ?

ಕುಕ್ಕರಹಳ್ಳಿ ವಾಕರ್
ಇಬ್ಬರೂ ಜಗಳ ಆಡಬೇಡಿ. ತಣ್ಣನೆ ಸ್ಪ್ರೇ ಇರುತ್ತದೆ, ಕ್ರಿಕೆಟ್‌ನಲ್ಲಿ ಪೆಟ್ಟಾದಾಗ ಹೊಡೆಯುತ್ತಾರಲ್ಲ, ಆ ಥರದ್ದು. ನನಗೆ ಅದನ್ನೇ ಹೊಡೆದರು. ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಮದ್ದು ಒಳಗೆ ಹೋಗುವಾಗ ಮಾತ್ರ ಗೊತ್ತಾಯಿತು.

ಮೂಳೆ ವೈದ್ಯ, ಮೈಸೂರು
ಕೈ ನೋಡದೆ ಹೇಳುತ್ತಿದ್ದೇನೆ, ಅಷ್ಟು ನೆನಪಿರಲಿ. ಮೊದಲು ಒಂದು ಮಾತು: ಗಂಟು ಇರುವುದು ನರದಲ್ಲಲ್ಲ, ಬೆರಳನ್ನು ಮಡಚುವ ಟೆಂಡನ್‌ನಲ್ಲಿ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಎಳೆಯಲ್ಲಿ. ಬೆರಳಿನ ಬುಡದಲ್ಲಿ ಅದನ್ನು ಹಿಡಿದಿಡುವ ಒಂದು ಪಟ್ಟಿ ಇದೆ, ಎ1 ಪುಲ್ಲಿ ಅನ್ನುತ್ತೇವೆ. ಅದು ಬಿಗಿಯಾದಾಗ ಗಂಟು ತೂರುವುದಿಲ್ಲ.

ಉರಿಯ ವಿಷಯದಲ್ಲಿ ಇಬ್ಬರೂ ಹೇಳುತ್ತಿರುವುದು ನಿಜವೇ. ನೀವು ಹೇಳುವ ಮರಗಟ್ಟಿಸುವ ಮದ್ದು ಸಾಮಾನ್ಯವಾಗಿ ಲಿಗ್ನೋಕೇನ್, ಅದು ಹುಳಿ ಗುಣದ ಮದ್ದು. ಜೋಮು ಹೆಚ್ಚು ಹೊತ್ತು ಇರಲಿ ಅಂತ ಅಡ್ರಿನಲಿನ್ ಸೇರಿಸಿಟ್ಟ ಬಾಟಲಿಯದ್ದು ಇನ್ನೂ ಹುಳಿ, ಪಿಎಚ್ ಸುಮಾರು 4. ಪಿಎಚ್ ಅಂದರೆ ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. ನಮ್ಮ ಮೈಯದ್ದು 7.4. ಗಾಯಕ್ಕೆ ನಿಂಬೆರಸ ಬಿದ್ದ ಹಾಗೆ. ಅದರ ಜೊತೆಗೆ ಇಕ್ಕಟ್ಟಾದ ಜಾಗಕ್ಕೆ ದ್ರವ ಜಾಸ್ತಿ ಆಗುತ್ತದೆ, ಒತ್ತಡವೂ ನೋವೇ. ಅಡ್ರಿನಲಿನ್ ಇರುವ ಲಿಗ್ನೋಕೇನ್ ಬೆರೆಸಿದ್ದನ್ನೂ ಬರೀ ಸ್ಟೀರಾಯ್ಡನ್ನೂ ಹೋಲಿಸಿ ನೋಡಿದ್ದಾರೆ. ಚುಚ್ಚುವ ಹೊತ್ತಿನ ನೋವು ಬರೀ ಸ್ಟೀರಾಯ್ಡ್‌ನಲ್ಲೇ ಕಡಿಮೆ ಇತ್ತು.

ಟೈಲರ್ ಅಕ್ಕ, ಮೈಸೂರು
ನೋಡಿದಿರಾ! ಡಾಕ್ಟ್ರೇ, ಆ ಪಟ್ಟಿ ಅಂದರೆ ಲಂಗಕ್ಕೆ ಲಾಡಿ ತೂರಿಸುವಾಗ ಗಂಟು ಸಿಕ್ಕಿಕೊಳ್ಳುತ್ತದಲ್ಲ, ಹಾಗೆ ತಾನೆ?

ಮೂಳೆ ವೈದ್ಯ, ಮೈಸೂರು
ಅದೇ ಮೇಡಂ. ನಾಳೆಯಿಂದ ರೋಗಿಗಳಿಗೆ ಇದನ್ನೇ ಹೇಳುತ್ತೇನೆ.

ಆದರೆ ಬೆರೆಸುವುದೇ ತಪ್ಪು ಅಂತ ನಾನು ಹೇಳಿಲ್ಲ. ಅಡ್ರಿನಲಿನ್ ಇಲ್ಲದ ಲಿಗ್ನೋಕೇನ್ ಅಷ್ಟು ಉರಿಯುವುದಿಲ್ಲ. ಮೊದಲು ಜಾಗ ಮರಗಟ್ಟಿಸುವುದಾದರೆ ಲಿಗ್ನೋಕೇನ್‌ಗೆ ಸ್ವಲ್ಪ ಸೋಡಿಯಂ ಬೈಕಾರ್ಬೊನೇಟ್ ಸೇರಿಸಿ ಹುಳಿ ಮುರಿಯಬಹುದು.

ನನ್ನ ಪ್ರಕಾರ ಮದ್ದಿಗಿಂತ ದೊಡ್ಡ ವಿಷಯ ಎಲ್ಲಿ ಚುಚ್ಚುತ್ತಾರೆ, ಎಷ್ಟು ನಿಧಾನ ಕೊಡುತ್ತಾರೆ ಅನ್ನುವುದು. ಅಂಗೈ ಚರ್ಮ ದಪ್ಪ, ನರದ ತುದಿಗಳೂ ಜಾಸ್ತಿ. ಬೆರಳಿನ ಬುಡದ ಮಗ್ಗುಲಿಂದಲೂ ಕೊಡಬಹುದು, ಅಲ್ಲಿ ಚರ್ಮ ಮೆದು. ಮದ್ದು ಟೆಂಡನ್ನಿನ ಕವಚದ ಒಳಗೇ ಹೋಗಬೇಕೆಂದಿಲ್ಲ, ಪಕ್ಕದಲ್ಲಿ ಬಿದ್ದರೂ ಕೆಲಸ ಮಾಡುತ್ತದೆ. ಸ್ಪ್ರೇ ಕೆಲವೇ ಸೆಕೆಂಡು, ಅದೂ ಚರ್ಮಕ್ಕೆ ಮಾತ್ರ.

ಆಲೆಮನೆ ಬೆಲ್ಲ, ಮಂಡ್ಯ
ಸರಿ ಸರ್, ನರ ಅಂದಿದ್ದು ತಪ್ಪಾಯಿತು. ಆದರೂ ಚುಚ್ಚುವ ಅರ್ಧ ನಿಮಿಷವನ್ನೇ ಯಾಕೆ ಲೆಕ್ಕ ಹಾಕುತ್ತೀರಿ? ಆಮೇಲಿನ ಎರಡು ಮೂರು ಗಂಟೆ ನೋವಿಲ್ಲದೆ ಇರುವುದು ಲೆಕ್ಕಕ್ಕಿಲ್ಲವೇ? ನಾನು ಮತ್ತೆ ಹಾಕಿಸಿಕೊಂಡರೂ ಬೆರೆಸಿಯೇ ಕೊಡಿ ಅನ್ನುತ್ತೇನೆ.

ಕುಕ್ಕರಹಳ್ಳಿ ವಾಕರ್
ಯಾರೂ ಶುಗರ್ ಬಗ್ಗೆ ಮಾತಾಡಲಿಲ್ಲ. ನನಗೆ ನಾಲ್ಕು ದಿನ ಏರಿತ್ತು. ಸೂಜಿಗಿಂತ ಅದಕ್ಕೇ ಹೆದರಿದ್ದೆ.

ಮೂಳೆ ವೈದ್ಯ, ಮೈಸೂರು
ಒಳ್ಳೆಯ ನೆನಪು. ಸ್ಟೀರಾಯ್ಡ್‌ನಿಂದ ಮೊದಲ ಕೆಲವು ದಿನ ಶುಗರ್ ಏರುವುದು ಸಾಮಾನ್ಯ, ಒಂದು ವಾರದೊಳಗೆ ಇಳಿಯುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಿ. ಈಗಲೇ ಹಿಡಿತದಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಕೊಂಡು ಆಮೇಲೆ ಹಾಕಿಸಿಕೊಳ್ಳಿ. ಶುಗರ್ ಇರುವವರಿಗೆ ಇಂಜೆಕ್ಷನ್ ಉಳಿದವರಷ್ಟು ಹಿಡಿಯುವುದಿಲ್ಲ, ಅದೂ ಗೊತ್ತಿರಲಿ. ಎರಡು ಮೂರು ಸಲಕ್ಕೂ ಜಗ್ಗದಿದ್ದರೆ ಆ ಪಟ್ಟಿಯನ್ನು ಬಿಡಿಸುವ ಸಣ್ಣ ಆಪರೇಷನ್ ಇದೆ.

ಟೈಲರ್ ಅಕ್ಕ, ಮೈಸೂರು
ಇಂಜೆಕ್ಷನ್ ಆದ ರಾತ್ರಿ ಬೆರಳು ನೋವಿನಿಂದ ಸಿಡಿದರೆ ಗಾಬರಿ ಆಗಬೇಡಿ ಅಣ್ಣ. ನನಗೆ ಎರಡು ದಿನ ಇತ್ತು. ಬಟ್ಟೆಯಲ್ಲಿ ಐಸ್ ಸುತ್ತಿ ಇಟ್ಟುಕೊಂಡೆ. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಕೈಯೇ ಹೋಯಿತು ಅಂದುಕೊಂಡಿದ್ದೆ.

ಪಾಂಡವಪುರದ ಹೈನುಗಾರ
ಸೋಮವಾರ ಆಯಿತು. ಬೆರೆಸದೆ ಕೊಡಿ ಅಂದೆ. ಡಾಕ್ಟರು ನಕ್ಕು, ನನಗೆ ಬೆರೆಸಿಯೇ ಅಭ್ಯಾಸ, ಆದರೆ ಅಡ್ರಿನಲಿನ್ ಇಲ್ಲದ್ದು ಅಂದರು. ಮಗ್ಗುಲಿಂದ ಆಗುತ್ತದಾ ಅಂದಾಗ, ಯಾರು ಹೇಳಿಕೊಟ್ಟರು ಅಂತ ಕೇಳಿ ಹಾಗೇ ಕೊಟ್ಟರು. ಎಂಟು ಎಣಿಸುವವರೆಗೆ ಉರಿ. ಬೆವರಿದ್ದೇ ಜಾಸ್ತಿ. ಬೆಳಗ್ಗೆ ಶುಗರ್ 230 ಇತ್ತು, ಫೋನ್ ಮಾಡಿದೆ, ಮಾತ್ರೆ ಅದೇ ಇರಲಿ, ದಿನಾ ನೋಡುತ್ತಿರಿ ಅಂದಿದ್ದಾರೆ. ಬೆರಳು ಇನ್ನೂ ಸಿಕ್ಕಿಕೊಳ್ಳುತ್ತಿದೆ, ಒಂದೆರಡು ವಾರ ಕಾಯಬೇಕಂತೆ. ಅಲ್ಲಿಯವರೆಗೆ ನಮ್ಮವಳು ಕರೆಯುತ್ತಾಳೆ. ಎರಡು ಹಸು ಒಪ್ಪಿವೆ, ಗೌರಿ ಮಾತ್ರ ಬಕೆಟ್ ಒದ್ದಳು.