ಇಡ್ಯಾಕ್ ಡ್ರೈವರ್: ಸಿಇ ಜೊತೆಯಲ್ಲೇ ಬಂದ ಯುಇ ವರದಿಯಾಗದೆ ಕಾಣೆಯಾಗುತ್ತಿದೆ

ಪ್ರಶ್ನೆ

ಲಿನಕ್ಸ್ ಕರ್ನಲ್‌ನ ಇಡ್ಯಾಕ್ (ಮೆಮೊರಿ ದೋಷಗಳನ್ನು ಪತ್ತೆ ಹಚ್ಚಿ ವರದಿ ಮಾಡುವ) ಉಪವ್ಯವಸ್ಥೆಯಲ್ಲಿ ಒಂದು ಮೆಮೊರಿ ಕಂಟ್ರೋಲರ್ ಡ್ರೈವರನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಬೋರ್ಡಿನಲ್ಲಿ ಆರ್ಮ್ ಪ್ರೊಸೆಸರ್ ಮತ್ತು ಎರಡು ಡಿಮ್‌ಗಳು (ಮೆಮೊರಿ ಪಟ್ಟಿಗಳು) ಇವೆ. 64 ಬಿಟ್ ದತ್ತಾಂಶಕ್ಕೆ 8 ಬಿಟ್ ಇಸಿಸಿ (ದೋಷ ತಿದ್ದುವ ಸಂಕೇತ) ಸೇರಿ ಒಟ್ಟು 72 ಬಿಟ್ ಅಗಲ. ಒಂದು ಬಿಟ್ ಕೆಟ್ಟರೆ ಕಂಟ್ರೋಲರ್ ತಾನೇ ಸರಿಪಡಿಸಿ ಸಿಇ (ಸರಿಪಡಿಸಬಲ್ಲ ದೋಷ) ಎಂದು ದಾಖಲಿಸುತ್ತದೆ. ಎರಡು ಬಿಟ್ ಕೆಟ್ಟರೆ ಅದು ಪತ್ತೆ ಹಚ್ಚಬಲ್ಲದೇ ಹೊರತು ಸರಿಪಡಿಸಲಾರದು, ಅದನ್ನು ಯುಇ (ಸರಿಪಡಿಸಲಾಗದ ದೋಷ) ಎಂದು ದಾಖಲಿಸುತ್ತದೆ.

ತೊಂದರೆ ಗೊತ್ತಾದದ್ದು ಹೀಗೆ. ದೊಡ್ಡದೊಂದು ಫೈಲನ್ನು ನಕಲು ಮಾಡಿದ ಮೇಲೆ ಅದರ ಚೆಕ್‌ಸಮ್ ಮೂಲದ ಚೆಕ್‌ಸಮ್‌ಗೆ ಹೊಂದಲಿಲ್ಲ. ಯುಇ ಬಂದೊಡನೆ ಯಂತ್ರ ಪ್ಯಾನಿಕ್ ಆಗಬೇಕೆಂದು, ಅಂದರೆ ಕರ್ನಲ್ ಎಲ್ಲವನ್ನೂ ನಿಲ್ಲಿಸಬೇಕೆಂದು, ಮಾಡ್ಯೂಲ್ ಪ್ಯಾರಾಮೀಟರನ್ನು 1 ಮಾಡಿಟ್ಟಿದ್ದೆ. ಆದರೂ ಯಂತ್ರ ಏನೂ ಆಗದಂತೆ ನಡೆದೇ ಇತ್ತು. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿ ತೋರಿಸುವ ಫೈಲ್‌ಗಳಲ್ಲಿ) ನೋಡಿದರೆ ಸಿಇ ಎಣಿಕೆ 41, ಯುಇ ಎಣಿಕೆ ಸೊನ್ನೆ.

ಕಂಟ್ರೋಲರ್‌ನಲ್ಲಿರುವ ದೋಷ ಇಂಜೆಕ್ಷನ್ ಸೌಲಭ್ಯವನ್ನು ಬಳಸಿ ಪರೀಕ್ಷಿಸಿದೆ. ಎರಡು ಬಿಟ್‌ಗಳ ದೋಷವನ್ನು ಮಾತ್ರ ಹಾಕಿದರೆ ಯುಇ ಸರಿಯಾಗಿ ವರದಿಯಾಗುತ್ತದೆ. ಒಂದು ಬಿಟ್‌ನ ದೋಷವನ್ನು ಹಾಕಿ, ಇಂಟರಪ್ಟ್ ಹ್ಯಾಂಡ್ಲರ್ (ಹಾರ್ಡ್‌ವೇರ್ ಸೂಚನೆ ಬಂದಾಗ ಓಡುವ ಕೋಡ್) ಓಡುವ ಮುನ್ನವೇ ಎರಡು ಬಿಟ್‌ಗಳದನ್ನೂ ಹಾಕಿದರೆ ಸಿಇ ಮಾತ್ರ ಬರುತ್ತದೆ, ಯುಇ ಎಲ್ಲಿಯೂ ಕಾಣುವುದಿಲ್ಲ.

ಹ್ಯಾಂಡ್ಲರ್‌ನಲ್ಲಿ ಎರಡು ಫಂಕ್ಷನ್‌ಗಳಿವೆ. ಮೊದಲನೆಯದು ಯಾವ ದೋಷ ಬಂದಿದೆಯೆಂದು ತೋರಿಸುವ ಸ್ಟೇಟಸ್ ರಿಜಿಸ್ಟರನ್ನು ಓದಿ, ಸಿಇ ಬಿಟ್ ಇದ್ದರೆ ವಿಳಾಸವನ್ನು ಓದುತ್ತದೆ. ಆಮೇಲೆ ಸ್ಟೇಟಸ್ಸನ್ನು ಮತ್ತೆ ಓದಿ, ಅದಕ್ಕೆ ಸಿಇ ಬಿಟ್ಟನ್ನು ಆರ್ ಮಾಡಿ (ಅಂದರೆ ಉಳಿದವನ್ನು ಹಾಗೇ ಬಿಟ್ಟು ಆ ಬಿಟ್ಟನ್ನು 1 ಮಾಡಿ), ಬಂದ ಬೆಲೆಯನ್ನು ಅದೇ ರಿಜಿಸ್ಟರ್‌ಗೆ ಬರೆದು ದೋಷವನ್ನು ಅಳಿಸುತ್ತದೆ. ಎರಡನೆಯದು ಸ್ಟೇಟಸ್ಸನ್ನು ತಾನೇ ಓದಿ ಯುಇ ಬಿಟ್ಟಿಗೆ ಇದೇ ಕೆಲಸ ಮಾಡುತ್ತದೆ. ಇದರ ಜೊತೆಗೆ ಇನ್ನೆರಡು ಸಂಗತಿಗಳಿವೆ: ಎಲ್ಲ ದೋಷಗಳೂ ಮೊದಲನೆಯ ಡಿಮ್‌ನ ಲೆಕ್ಕಕ್ಕೇ ಸೇರುತ್ತಿವೆ, ಮತ್ತು ಹಾರ್ಡ್‌ವೇರ್ ಕೌಂಟರ್ 7 ತೋರಿಸುತ್ತಿರುವಾಗ ಕರ್ನಲ್‌ನ ಎಣಿಕೆ ಒಂದೇ ಒಂದು ಹೆಚ್ಚುತ್ತದೆ. ಇವೆಲ್ಲಕ್ಕೂ ಮೂಲ ಒಂದೇ ಇರಬಹುದೇ?

ಉತ್ತರ 1

ಮೂಲ ಒಂದೇ ಅಲ್ಲ, ಆದರೆ ಯುಇ ಕಾಣೆಯಾಗುವುದಕ್ಕೆ ಕಾರಣ ನಿಮ್ಮ ವಿವರಣೆಯಲ್ಲೇ ಸ್ಪಷ್ಟವಾಗಿದೆ. ನಿಮ್ಮ ಸ್ಟೇಟಸ್ ರಿಜಿಸ್ಟರ್‌ನಲ್ಲಿ 1 ಬರೆದರೆ ಬಿಟ್ ಅಳಿಯುತ್ತದೆ, 0 ಬರೆದರೆ ಇದ್ದಂತೆಯೇ ಉಳಿಯುತ್ತದೆ. ಇಂಥ ರಿಜಿಸ್ಟರ್ ಮೇಲೆ ಓದಿ, ಆರ್ ಮಾಡಿ, ಮರಳಿ ಬರೆಯುವ ಕ್ರಮವನ್ನು ಎಂದಿಗೂ ಬಳಸಬಾರದು. ಬಿಟ್ 0 ಸಿಇ, ಬಿಟ್ 1 ಯುಇ ಎಂದುಕೊಳ್ಳಿ. ಎರಡೂ ಬಂದಿದ್ದರೆ ಸ್ಟೇಟಸ್‌ನ ಬೆಲೆ 3. ಅದಕ್ಕೆ ಸಿಇ ಬಿಟ್ಟಾದ 1ನ್ನು ಆರ್ ಮಾಡಿದರೂ 3. ಆ 3ನ್ನು ಮರಳಿ ಬರೆದ ಕ್ಷಣದಲ್ಲಿ ಎರಡೂ ಬಿಟ್‌ಗಳು ಅಳಿದುಹೋಗುತ್ತವೆ. ಎರಡನೆಯ ಫಂಕ್ಷನ್ ಓದುವ ಹೊತ್ತಿಗೆ ಅಲ್ಲಿರುವುದು ಸೊನ್ನೆ. ಯುಇ ಒಂಟಿಯಾಗಿ ಬಂದಾಗ ಮೊದಲನೆಯ ಫಂಕ್ಷನ್ ಏನನ್ನೂ ಬರೆಯದೆ ಹಿಂತಿರುಗುವುದರಿಂದ ಅದು ಉಳಿದುಕೊಳ್ಳುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಕಂಡದ್ದೂ ಇದೇ.

ಇಂಟರಪ್ಟ್ ಬಂದಾಗ ಸ್ಟೇಟಸ್ಸನ್ನು ಒಂದೇ ಸಲ ಓದಿ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ, ಮುಂದಿನ ತೀರ್ಮಾನಗಳೆಲ್ಲ ಆ ಪ್ರತಿಯನ್ನೇ ನೋಡಿ ಆಗಲಿ. ಅದರಲ್ಲಿ ಕಂಡ ದೋಷಗಳ ವಿಳಾಸ, ಸಿಂಡ್ರೋಮ್ (ಯಾವ ಬಿಟ್ ಕೆಟ್ಟಿತೆಂದು ಸೂಚಿಸುವ ಬೆಲೆ), ಕೌಂಟರ್‌ಗಳನ್ನು ಓದಿ ಮುಗಿಸಿದ ಮೇಲೆ, ಪ್ರತಿಯಲ್ಲಿ ಕಂಡ ದೋಷದ ಬಿಟ್‌ಗಳನ್ನು ಮಾತ್ರ ಬರೆದು ಅಳಿಸಿ. ಹಾಗೆ ಮಾಡಿದರೆ ನೀವು ಓದಿದ ನಂತರ ಬಂದ ಹೊಸ ಯುಇ ಬಿಟ್ಟಿಗೆ 0 ಬರೆದಂತಾಗುತ್ತದೆ, ಅದು ಮುಂದಿನ ಇಂಟರಪ್ಟ್‌ಗಾಗಿ ಉಳಿಯುತ್ತದೆ. ಅಳಿಸುವ ಕೆಲಸ ಕೊನೆಯಲ್ಲೇ ಆಗಬೇಕು ಎನ್ನುವುದಕ್ಕೂ ಕಾರಣವಿದೆ: ಅನೇಕ ಕಂಟ್ರೋಲರ್‌ಗಳು ಸ್ಟೇಟಸ್ ಅಳಿಯುವವರೆಗೆ ಮಾತ್ರ ಮೊದಲ ದೋಷದ ವಿಳಾಸವನ್ನು ಹಿಡಿದಿಟ್ಟುಕೊಳ್ಳುತ್ತವೆ, ಮೊದಲೇ ಅಳಿಸಿಬಿಟ್ಟರೆ ಒಂದು ದೋಷದ ಸ್ಟೇಟಸ್‌ಗೆ ಇನ್ನೊಂದು ದೋಷದ ವಿಳಾಸ ಅಂಟಿಕೊಳ್ಳಬಹುದು.

ರೆಗ್‌ಮ್ಯಾಪ್ (ರಿಜಿಸ್ಟರ್‌ಗಳನ್ನು ಓದಿ ಬರೆಯಲು ಕರ್ನಲ್ ಕೊಡುವ ಸೌಲಭ್ಯ) ಮೂಲಕ ಬರೆಯುವವರಿಗೆ ಇಲ್ಲಿ ಇನ್ನೊಂದು ಗುಂಡಿ ಇದೆ, ನಾನೂ ಒಮ್ಮೆ ಬಿದ್ದಿದ್ದೇನೆ. ಅದರ ಅಪ್‌ಡೇಟ್ ಬಿಟ್ಸ್ ಫಂಕ್ಷನ್ ಹಳೆಯ ಬೆಲೆ ಮತ್ತು ಹೊಸ ಬೆಲೆ ಒಂದೇ ಆಗಿದ್ದರೆ ಹಾರ್ಡ್‌ವೇರ್‌ಗೆ ಬರೆಯುವುದೇ ಇಲ್ಲ. ಅಳಿಸಬೇಕಾದ ಬಿಟ್ ಆಗಲೇ 1 ಆಗಿರುವುದರಿಂದ ಅಳಿಸುವ ಕೆಲಸ ನಡೆಯುವುದೇ ಇಲ್ಲ, ಇಂಟರಪ್ಟ್ ಎಡೆಬಿಡದೆ ಬರುತ್ತಲೇ ಇರುತ್ತದೆ. ನೇರ ರೈಟ್ ಫಂಕ್ಷನ್ನನ್ನೇ ಬಳಸಿ.

ಉತ್ತರ 2

ಉಳಿದ ಎರಡು ಸಂಗತಿಗಳ ಬಗ್ಗೆ ಬರೆಯುತ್ತೇನೆ. ಎಣಿಕೆಯದು ಸುಲಭ. ಇಡ್ಯಾಕ್‌ನ ಹ್ಯಾಂಡಲ್ ಎರರ್ ಫಂಕ್ಷನ್ ದೋಷಗಳ ಸಂಖ್ಯೆಯನ್ನೂ ಒಂದು ಆರ್ಗ್ಯುಮೆಂಟಾಗಿ ತೆಗೆದುಕೊಳ್ಳುತ್ತದೆ. ಅಲ್ಲಿ ನೀವು ಬಹುಶಃ 1 ಎಂದೇ ಬರೆದಿದ್ದೀರಿ. ಕೌಂಟರ್‌ನಿಂದ ಓದಿದ ಬೆಲೆಯನ್ನು ಕೊಡಿ.

ಡಿಮ್‌ನದು ಇನ್ನೂ ಗಂಭೀರ. ಅದೇ ಫಂಕ್ಷನ್ ಪದರಗಳ ಸೂಚ್ಯಂಕಗಳನ್ನು, ಅಂದರೆ ಚಾನೆಲ್, ಚಿಪ್ ಸೆಲೆಕ್ಟ್ ಅಥವಾ ಸ್ಲಾಟ್ ಸಂಖ್ಯೆಗಳನ್ನು ಕೇಳುತ್ತದೆ. ಗೊತ್ತಿಲ್ಲದ ಪದರಕ್ಕೆ ಮೈನಸ್ 1 ಕೊಡಬೇಕು, ಆಗ ಕರ್ನಲ್ ನಿಖರ ಸ್ಥಳ ತಿಳಿಯದೆಂದೇ ದಾಖಲಿಸುತ್ತದೆ. ಗೊತ್ತಿಲ್ಲದಾಗ 0 ಕೊಡುವುದೆಂದರೆ ಮೊದಲ ಡಿಮ್ ಮೇಲೆ ಸುಳ್ಳು ಆರೋಪ ಹೊರಿಸಿದಂತೆ. ಆ ದಾಖಲೆಯನ್ನು ನಂಬಿದವರು ಒಳ್ಳೆಯ ಡಿಮ್ ಕಿತ್ತು ಕೆಟ್ಟದ್ದನ್ನು ಯಂತ್ರದಲ್ಲೇ ಬಿಡುತ್ತಾರೆ. ನಿಮ್ಮ ಕಂಟ್ರೋಲರ್ ರ್‍ಯಾಂಕ್ (ಡಿಮ್‌ನಲ್ಲಿ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು) ಸಂಖ್ಯೆಯನ್ನು ಕೊಡುತ್ತಿದ್ದರೆ ಅದರಿಂದ ಡಿಮ್ ತಿಳಿಯುತ್ತದೆ. ಕೊಡದಿದ್ದರೆ ಮೈನಸ್ 1 ಎಂಬುದೇ ಪ್ರಾಮಾಣಿಕ ಉತ್ತರ.

ವಿಳಾಸವನ್ನೂ ದಯವಿಟ್ಟು ಪರಿಶೀಲಿಸಿ. ಕಂಟ್ರೋಲರ್ ಕೊಡುವುದು ರ್‍ಯಾಂಕ್, ಬ್ಯಾಂಕ್, ರೋ, ಕಾಲಮ್‌ಗಳ ಲೆಕ್ಕವಾದರೆ ಅದು ಭೌತಿಕ ವಿಳಾಸವಲ್ಲ. ಕಂಟ್ರೋಲರ್‌ನ ವಿಳಾಸ ಹಂಚಿಕೆಯ ರಿಜಿಸ್ಟರ್‌ಗಳನ್ನು ಓದಿ, ಇಂಟರ್‌ಲೀವಿಂಗ್ (ವಿಳಾಸಗಳನ್ನು ಚಾನೆಲ್‌ಗಳ ನಡುವೆ ಹಂಚುವುದು) ಇದ್ದರೆ ಅದನ್ನೂ ಬಿಡಿಸಿ, ಭೌತಿಕ ವಿಳಾಸವನ್ನು ಹಿಮ್ಮುಖವಾಗಿ ಕಟ್ಟಬೇಕು. ಪುಟ ಸಂಖ್ಯೆ ಬರುವುದು ಆ ವಿಳಾಸದಿಂದಲೇ. ದೋಷಗಳ ದಾಖಲೆ ನೋಡಿ ಪುಟಗಳನ್ನು ಆಫ್‌ಲೈನ್ ಮಾಡುವ ಉಪಕರಣಗಳಿವೆ. ವಿಳಾಸ ತಪ್ಪಿದರೆ ಅವು ಆರೋಗ್ಯವಂತ ಪುಟವನ್ನು ಹೊರಗಿಟ್ಟು ಕೆಟ್ಟ ಪುಟವನ್ನು ಬಳಕೆಯಲ್ಲೇ ಬಿಡುತ್ತವೆ. ವಿಳಾಸದ ಮೇಲಿನ ಅರ್ಧ ಬೇರೆ ರಿಜಿಸ್ಟರ್‌ನಲ್ಲಿದ್ದರೆ ಅದನ್ನು ಮೊದಲು 64 ಬಿಟ್ ವಿಧಕ್ಕೆ ಬದಲಿಸಿ ಆಮೇಲೆ 32 ಬಿಟ್ ಎಡಕ್ಕೆ ಸರಿಸಿ. 32 ಬಿಟ್ ವಿಧದಲ್ಲೇ ಸರಿಸಿದರೆ ಸಿ ಭಾಷೆಯ ನಿಯಮದಂತೆ ಫಲಿತಾಂಶ ಏನೆಂದು ನಿರ್ಧಾರವೇ ಇಲ್ಲ, ಮತ್ತು 4 ಗಿಗಾಬೈಟ್‌ಗಿಂತ ಮೇಲಿನ ದೋಷಗಳೆಲ್ಲ ತಪ್ಪು ಜಾಗದಲ್ಲಿ ಕಾಣಿಸಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸ್ಟೇಟಸ್‌ನ ಒಂದೇ ಪ್ರತಿ ಇಟ್ಟುಕೊಂಡು, ಕಂಡ ಬಿಟ್‌ಗಳನ್ನು ಮಾತ್ರ ಕೊನೆಯಲ್ಲಿ ಅಳಿಸಿದೆ. ಎರಡೂ ದೋಷಗಳನ್ನು ಒಟ್ಟಿಗೆ ಹಾಕಿದಾಗ ಈಗ ಯುಇ ಬರುತ್ತಿದೆ, ಯಂತ್ರ ಹೇಳಿದಂತೆ ಪ್ಯಾನಿಕ್ ಆಗುತ್ತಿದೆ. ಆರ್ಗ್ಯುಮೆಂಟ್‌ಗಳ ವಿಚಾರದಲ್ಲೂ ನಿಮ್ಮ ಊಹೆ ಸರಿ: ಸಂಖ್ಯೆಯ ಜಾಗದಲ್ಲಿ 1, ಪದರಗಳ ಜಾಗದಲ್ಲಿ ಮೂರು ಸೊನ್ನೆಗಳು ಇದ್ದವು. ಕಂಟ್ರೋಲರ್ ರ್‍ಯಾಂಕ್ ಕೊಡುತ್ತದೆ, ಅದನ್ನು ಈಗ ಬಳಸುತ್ತಿದ್ದೇನೆ.

ಆದರೆ ಕೆಲವೊಮ್ಮೆ, ಎಲ್ಲ ಸಲವೂ ಅಲ್ಲ, 5 ದೋಷ ಹಾಕಿದರೆ 10 ಎಂದು ಬರುತ್ತಿದೆ. ಡಿಬಗ್‌ಎಫ್‌ಎಸ್‌ನ ಫೇಕ್ ಇಂಜೆಕ್ಟ್ (ಸುಳ್ಳು ದೋಷ ಹಾಕುವ ಸೌಲಭ್ಯ) ಬಳಸಿದರೆ ಲೆಕ್ಕ ಯಾವಾಗಲೂ ಸರಿಯಾಗಿರುತ್ತದೆ.

ಉತ್ತರ 1ರ ಲೇಖಕರು

ಫೇಕ್ ಇಂಜೆಕ್ಟ್ ನಿಮ್ಮ ರಿಜಿಸ್ಟರ್‌ಗಳನ್ನು ಮುಟ್ಟುವುದೇ ಇಲ್ಲ. ಅದು ಇಡ್ಯಾಕ್ ಕೋರ್‌ನ ವರದಿ ದಾರಿಯನ್ನು ಮಾತ್ರ ಪರೀಕ್ಷಿಸುತ್ತದೆ. ಹಾಗಾಗಿ ಅಲ್ಲಿ ಲೆಕ್ಕ ಸರಿ ಬಂದರೆ ತಪ್ಪು ಡ್ರೈವರ್‌ನಲ್ಲೇ ಇದೆ ಎಂದಾಯಿತು. ಕಂಟ್ರೋಲರ್ ರಚನೆಯಲ್ಲಿ ಇಡ್ಯಾಕ್ ಚೆಕ್ ಎಂಬ ಫಂಕ್ಷನ್ ಪಾಯಿಂಟರನ್ನು ತುಂಬಿದ್ದೀರಾ ನೋಡಿ. ಅದು ತುಂಬಿದ್ದರೆ, ಡ್ರೈವರ್ ಇಂಟರಪ್ಟ್ ನೋಂದಾಯಿಸಿದ್ದರೂ, ಕೋರ್ ಪೋಲಿಂಗನ್ನೂ, ಅಂದರೆ ನಿಗದಿತ ಅವಧಿಗೊಮ್ಮೆ ದೋಷ ಬಂದಿದೆಯೇ ಎಂದು ತಾನೇ ನೋಡುವುದನ್ನೂ, ಶುರುಮಾಡುತ್ತದೆ. ಅದರ ಅವಧಿ ಡೀಫಾಲ್ಟಾಗಿ 1000 ಮಿಲಿಸೆಕೆಂಡ್. ಇಂಟರಪ್ಟ್ ಹ್ಯಾಂಡ್ಲರ್ ಒಂದು ಸಿಪಿಯುನಲ್ಲಿ, ಪೋಲಿಂಗ್ ಇನ್ನೊಂದರಲ್ಲಿ ಓಡಿ, ಒಬ್ಬರು ಅಳಿಸುವ ಮುನ್ನ ಇನ್ನೊಬ್ಬರು ಅದೇ ಕೌಂಟರ್ ಓದಿದರೆ ಎಣಿಕೆ ಎರಡರಷ್ಟಾಗುತ್ತದೆ. ಆಗೊಮ್ಮೆ ಈಗೊಮ್ಮೆ ಮಾತ್ರ ಹೀಗಾಗುವುದೂ ಅದಕ್ಕೇ. ಇಂಟರಪ್ಟ್ ಸಿಕ್ಕಿದ್ದರೆ ಆ ಪಾಯಿಂಟರನ್ನು ಖಾಲಿ ಬಿಡಿ.

ಪ್ಯಾಚ್ ಕಳಿಸುವಾಗ ಎಲ್ಲವನ್ನೂ ಒಂದೇ ಪ್ಯಾಚ್‌ನಲ್ಲಿ ಸೇರಿಸಬೇಡಿ. ಯುಇ ಅಳಿದುಹೋಗುವುದನ್ನು ತಡೆಯುವ ಬದಲಾವಣೆ ಮೊದಲನೆಯದಾಗಿ, ಒಂಟಿಯಾಗಿ ಇರಲಿ. ತಪ್ಪು ನುಸುಳಿದ ಕಮಿಟ್‌ನ ಹ್ಯಾಶ್‌ನ ಮೊದಲ 12 ಅಕ್ಷರಗಳೊಂದಿಗೆ ಫಿಕ್ಸಸ್ ಟ್ಯಾಗ್ ಹಾಕಿ, ಸ್ಟೇಬಲ್ ಶಾಖೆಗಳಿಗೂ ಹೋಗುವಂತೆ ಗುರುತಿಸಿ. ದತ್ತಾಂಶ ಕೆಟ್ಟದ್ದನ್ನು ಮುಚ್ಚಿಡುವ ದೋಷ ಅದೊಂದೇ, ಹಳೆಯ ಕರ್ನಲ್‌ಗಳಲ್ಲಿ ಓಡುತ್ತಿರುವ ಯಂತ್ರಗಳಿಗೂ ಅದು ಬೇಗ ತಲುಪಬೇಕು. ರ್‍ಯಾಂಕ್, ಎಣಿಕೆ ಮತ್ತು ಪೋಲಿಂಗ್‌ನ ಬದಲಾವಣೆಗಳು ಅದರ ಹಿಂದೆ ಒಂದೊಂದಾಗಿ ಬರಲಿ. ಮೊದಲ ಪ್ಯಾಚ್‌ನ ವಿವರಣೆಯಲ್ಲಿ ಆ ಚೆಕ್‌ಸಮ್ ಪ್ರಸಂಗವನ್ನೂ, ಎರಡು ದೋಷಗಳನ್ನು ಒಟ್ಟಿಗೆ ಹಾಕಿ ನೋಡಿದ ಪರೀಕ್ಷೆಯನ್ನೂ ಬರೆಯಿರಿ.