ವಿಡಿಯೋ ಗೇಮ್‌ಗಳಿಗೆ ವಿಮರ್ಶಕರು ಕೊಡುವ ಅಂಕವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಗೇಮ್ ಆಡುವ ಯಂತ್ರ ಪ್ಲೇಸ್ಟೇಷನ್ 4 ಇದೆ. ನಾನೂ ನನ್ನ ತಮ್ಮನೂ ಆಡುತ್ತೇವೆ. ದೊಡ್ಡ ಸಂಸ್ಥೆಗಳ ಹೊಸ ಗೇಮ್ ಒಂದಕ್ಕೆ ನಾಲ್ಕೈದು ಸಾವಿರ ರೂಪಾಯಿ ಬೀಳುವುದರಿಂದ ವರ್ಷಕ್ಕೆ ಎರಡೋ ಮೂರೋ ಕೊಳ್ಳುವುದೇ ಹೆಚ್ಚು. ಆದ್ದರಿಂದ ಕೊಳ್ಳುವ ಮುನ್ನ ಮೆಟಾಕ್ರಿಟಿಕ್ ತಾಣದಲ್ಲಿ ಅಂಕ ನೋಡಿ ತೀರ್ಮಾನಿಸುವುದು ರೂಢಿಯಾಗಿತ್ತು. ಈಚೆಗೆ ಆ ಅಂಕಗಳೇ ನನ್ನನ್ನು ಗೊಂದಲಕ್ಕೆ ತಳ್ಳಿವೆ. ಸೈಬರ್‌ಪಂಕ್ 2077 ಗೇಮ್‌ಗೆ ಪಿಸಿಯಲ್ಲಿ 86 ಇದ್ದರೆ ಪ್ಲೇಸ್ಟೇಷನ್ 4ರಲ್ಲಿ 57 ಇದೆ. ದಿ ಲಾಸ್ಟ್ ಆಫ್ ಅಸ್ ಎರಡನೆಯ ಭಾಗಕ್ಕೆ ವಿಮರ್ಶಕರ ಅಂಕ 93 ಇದ್ದರೂ ಆಡಿದವರೆಂದು ಹೇಳಿಕೊಳ್ಳುವವರ ಅಂಕ ಅದರ ಹತ್ತಿರಕ್ಕೂ ಬರುವುದಿಲ್ಲ.

ಈ ಸಂಖ್ಯೆ ಹೇಗೆ ಹುಟ್ಟುತ್ತದೆ, ಜಾಹೀರಾತಿನ ಹಣ ಇದರಲ್ಲಿ ಕೈಯಾಡಿಸುತ್ತದೆಯೇ, ನಮ್ಮಂಥವರು ಇದನ್ನು ಹೇಗೆ ಬಳಸಬೇಕು ಎಂಬುದನ್ನು ಬಲ್ಲವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಬೆಣ್ಣೆನಗರಿ:

ತುಂಗಾತೀರ ಅವರೇ, ಸಂಖ್ಯೆ ಹುಟ್ಟುವ ಬಗೆಯನ್ನು ನಾನು ಹೇಳುತ್ತೇನೆ. ಹಣದ ವಿಷಯವನ್ನು ಆ ಉದ್ಯಮದ ಒಳಗಿದ್ದವರು ಹೇಳಲಿ.

2001ರಲ್ಲಿ ಆರಂಭವಾದ ಮೆಟಾಕ್ರಿಟಿಕ್ ತಾನಾಗಿ ಯಾವ ಗೇಮನ್ನೂ ವಿಮರ್ಶಿಸುವುದಿಲ್ಲ. ಬೇರೆ ಬೇರೆ ಪತ್ರಿಕೆಗಳು, ಜಾಲತಾಣಗಳು ಕೊಟ್ಟ ಅಂಕಗಳನ್ನು ನೂರರ ಅಳತೆಗೆ ಪರಿವರ್ತಿಸಿ ಸರಾಸರಿ ತೆಗೆಯುತ್ತದೆ. ಈ ಸರಾಸರಿಯಲ್ಲಿ ಎಲ್ಲರಿಗೂ ಸಮಾನ ಸ್ಥಾನವಿಲ್ಲ. ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ. ಯಾವುದಕ್ಕೆ ಎಷ್ಟು ಎಂಬುದನ್ನು ಆ ಸಂಸ್ಥೆ ಬಹಿರಂಗಪಡಿಸಿಲ್ಲ. 2015ರಲ್ಲಿ ಬಂದ ಓಪನ್‌ಕ್ರಿಟಿಕ್ ಎಂಬ ತಾಣ ಈ ಗುಟ್ಟನ್ನು ಬಿಟ್ಟು ನೇರ ಸರಾಸರಿಯನ್ನು ತೋರಿಸುತ್ತದೆ. ಅದರ ಪಕ್ಕದಲ್ಲಿಯೇ ಎಷ್ಟು ಶೇಕಡ ವಿಮರ್ಶಕರು ಗೇಮನ್ನು ಶಿಫಾರಸು ಮಾಡಿದ್ದಾರೆ ಎಂಬುದನ್ನೂ ಕೊಡುತ್ತದೆ.

ಪರಿವರ್ತನೆಯಲ್ಲಿಯೇ ಮೊದಲ ತೊಡಕಿದೆ. ಐದಕ್ಕೆ ಮೂರು ನಕ್ಷತ್ರ ಕೊಡುವ ವಿಮರ್ಶಕರ ಲೆಕ್ಕದಲ್ಲಿ ಅದು ‘ಚೆನ್ನಾಗಿದೆ, ಆಡಬಹುದು’ ಎಂದಿರುತ್ತದೆ. ಅದು 60 ಆಗಿ ಪಟ್ಟಿ ಸೇರಿದ ಕೂಡಲೇ ಮಿಶ್ರ ಅಭಿಪ್ರಾಯದ ಗುರುತಾದ ಹಳದಿ ಬಣ್ಣ ಪಡೆಯುತ್ತದೆ, ಏಕೆಂದರೆ ಗೇಮ್‌ಗಳಿಗೆ ಮೆಚ್ಚುಗೆಯ ಹಸಿರು ಸಿಗುವುದು 75ರಿಂದ ಮೇಲೆ. ಅದೇ ತಾಣದಲ್ಲಿ ಸಿನಿಮಾಗಳಿಗೆ 61ಕ್ಕೇ ಹಸಿರು ಸಿಗುತ್ತದೆ. ಗೇಮ್ ವಿಮರ್ಶಕರ ಅಂಕಗಳು ಮೇಲ್ಮುಖವಾಗಿಯೇ ಇರುತ್ತವೆ ಎಂಬುದನ್ನು ಆ ತಾಣವೇ ಒಪ್ಪಿಕೊಂಡಂತಾಯಿತು. ಹೀಗಾಗಿ 70 ಬಂದ ಗೇಮ್ ಕಳಪೆ ಎಂಬ ಭಾವನೆ ಬೇರೂರಿದೆ. ಇದು ಎಷ್ಟು ಅತಿರೇಕಕ್ಕೆ ಹೋಗಿದೆಯೆಂದರೆ, 2017ರಲ್ಲಿ ಜೆಲ್ಡಾ ಸರಣಿಯ ಬ್ರೆತ್ ಆಫ್ ದಿ ವೈಲ್ಡ್‌ಗೆ ಒಬ್ಬ ವಿಮರ್ಶಕರು ಹತ್ತಕ್ಕೆ ಏಳು ಕೊಟ್ಟರೆಂಬ ಕಾರಣಕ್ಕೆ ಅವರ ಜಾಲತಾಣದ ಮೇಲೆ ದಾಳಿ ನಡೆಸಿ ಅದನ್ನು ಕೆಲಕಾಲ ನಿಲ್ಲಿಸಿಬಿಟ್ಟರು. ಆ ಗೇಮ್‌ನ ಸರಾಸರಿ ಇಂದಿಗೂ 97.

ಎರಡನೆಯ ತೊಡಕು ಸರಾಸರಿಯ ಸ್ವಭಾವದ್ದು. ಹತ್ತು ಮಂದಿಯೂ ಎಂಟೆಂಟು ಅಂಕ ಕೊಟ್ಟರೆ ಸರಾಸರಿ 80. ಐವರು ಹತ್ತು ಹತ್ತು ಕೊಟ್ಟು, ಉಳಿದ ಐವರು ಆರಾರು ಕೊಟ್ಟರೂ ಸರಾಸರಿ 80. ಮೊದಲನೆಯದು ಯಾರನ್ನೂ ನಿರಾಸೆಗೊಳಿಸದ, ಯಾರನ್ನೂ ಅಷ್ಟಾಗಿ ಸೆಳೆಯದ ಗೇಮ್. ಎರಡನೆಯದು ಕೆಲವರಿಗೆ ವರ್ಷದ ಅತ್ಯುತ್ತಮ ಅನುಭವ, ಉಳಿದವರಿಗೆ ಸಹಿಸಲಾಗದ್ದು. ಕೊಳ್ಳುವವರಿಗೆ ಬೇಕಾದದ್ದು ಈ ವ್ಯತ್ಯಾಸವೇ, ಸರಾಸರಿಯಲ್ಲಿ ಮೊದಲು ಅಳಿಸಿಹೋಗುವುದೂ ಅದೇ. ಅಂಕದ ಕೆಳಗೆ ವಿಮರ್ಶೆಗಳ ಪಟ್ಟಿ ಇರುತ್ತದೆ. ಅದರ ತೀರಾ ಮೇಲಿನ ಎರಡನ್ನೂ ತೀರಾ ಕೆಳಗಿನ ಎರಡನ್ನೂ ತೆರೆದು ಪೂರ್ತಿ ಓದಿದರೆ, ಇಬ್ಬರೂ ಒಂದೇ ಗುಣವನ್ನು ಕುರಿತು ಮಾತನಾಡುತ್ತಿರುತ್ತಾರೆ. ಒಬ್ಬರಿಗೆ ಅದು ಇಷ್ಟ, ಇನ್ನೊಬ್ಬರಿಗೆ ಕಷ್ಟ. ನೀವು ಯಾರ ಪಕ್ಷ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಆಟಗಾರರ ಅಂಕದ ಬಗ್ಗೆ ಒಂದು ಮಾತು. ದಿ ಲಾಸ್ಟ್ ಆಫ್ ಅಸ್ ಎರಡನೆಯ ಭಾಗ ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕು. 2020ರ ಜೂನ್ 19ರಂದು ಅದು ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಸೊನ್ನೆ ಕೊಟ್ಟಿದ್ದರು. ಕಥೆ ಮೊದಲೇ ಸೋರಿಕೆಯಾಗಿದ್ದು, ಅದರ ಮೇಲಿನ ಸಿಟ್ಟು ಹೀಗೆ ಹೊರಬಂದಿತ್ತು. ಮರುತಿಂಗಳೇ ಮೆಟಾಕ್ರಿಟಿಕ್ ನಿಯಮ ಬದಲಿಸಿ, ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಆಟಗಾರರು ವಿಮರ್ಶೆ ಬರೆಯುವಂತಿಲ್ಲ ಎಂದು ಮಾಡಿತು. ಆ ಅಂಕವನ್ನು ನಾನಂತೂ ನೋಡುವುದಿಲ್ಲ.

ಹಲಸೂರು ಕೆರೆ:

ನಾನು ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಗೇಮ್ ಪರೀಕ್ಷಕನಾಗಿ ಕೆಲಸ ಮಾಡಿದವನು. ಹಣದ ಪ್ರಶ್ನೆಗೆ ಉತ್ತರಿಸುವಾಗ ಒಂದು ಮಾತನ್ನು ಮೊದಲು ಹೇಳಬೇಕು: ಪ್ರಕಾಶಕರು ದುಡ್ಡು ಕೊಟ್ಟು ಅಂಕ ಬರೆಸಿಕೊಳ್ಳುತ್ತಾರೆ ಎಂಬುದು ಜನಪ್ರಿಯ ನಂಬಿಕೆ, ಆದರೆ ಒತ್ತಡ ನಿಜಕ್ಕೂ ಕೆಲಸ ಮಾಡುವ ದಾರಿಗಳು ಬೇರೆ.

ಜಾಹೀರಾತಿನ ಒತ್ತಡಕ್ಕೆ ದಾಖಲಾದ ಉದಾಹರಣೆ ಇದೆ. 2007ರಲ್ಲಿ ಗೇಮ್‌ಸ್ಪಾಟ್ ಎಂಬ ವಿಮರ್ಶೆಯ ತಾಣದ ಜೆಫ್ ಗರ್ಸ್ಟ್‌ಮನ್ ಅವರು ಕೇನ್ ಅಂಡ್ ಲಿಂಚ್ ಎಂಬ ಗೇಮ್‌ಗೆ ಹತ್ತಕ್ಕೆ 6 ಕೊಟ್ಟರು. ಅದೇ ಗೇಮ್‌ನ ಜಾಹೀರಾತು ಆ ತಾಣದ ತುಂಬ ಇತ್ತು. ಸ್ವಲ್ಪ ದಿನಗಳಲ್ಲಿ ಅವರು ಕೆಲಸ ಕಳೆದುಕೊಂಡರು. ಜಾಹೀರಾತುದಾರರ ಒತ್ತಡವನ್ನು ಎದುರಿಸಲಾಗದ ಆಡಳಿತದವರು ತನ್ನನ್ನು ತೆಗೆದರೆಂದು 2012ರಲ್ಲಿ ಅವರೇ ಹೇಳಿದರು. ಇಂಥದ್ದು ದಿನವೂ ನಡೆಯುತ್ತದೆಂದು ನಾನು ಹೇಳಲಾರೆ. ಆದರೆ ವಿಮರ್ಶೆಗೆಂದು ಕೊಡುವ ಗೇಮ್‌ನ ಪ್ರತಿ ಯಾವಾಗ ಸಿಗಬೇಕು, ಯಾವ ಯಂತ್ರಕ್ಕೆ ಸಿಗಬೇಕು, ಯಾವ ದಿನ ಯಾವ ಗಂಟೆಗೆ ವಿಮರ್ಶೆ ಪ್ರಕಟಿಸಬಹುದು ಎಂಬುದೆಲ್ಲ ಪ್ರಕಾಶಕರ ಕೈಯಲ್ಲಿದೆ, ಮತ್ತು ಇದು ದಿನವೂ ನಡೆಯುತ್ತದೆ.

ನೀವು ಕೇಳಿದ ಸೈಬರ್‌ಪಂಕ್‌ನಲ್ಲಿ ಆದದ್ದು ಇದೇ. ಬಿಡುಗಡೆ 2020ರ ಡಿಸೆಂಬರ್ 10ಕ್ಕೆ ಇತ್ತು. ಅದಕ್ಕೂ ಮುಂಚೆ ವಿಮರ್ಶಕರ ಕೈ ಸೇರಿದ್ದು ಪಿಸಿ ಪ್ರತಿ ಮಾತ್ರ. ಮೊದಲ ವಿಮರ್ಶೆಗಳಲ್ಲಿ ತಾವೇ ಸೆರೆಹಿಡಿದ ದೃಶ್ಯಗಳನ್ನು ತೋರಿಸುವಂತಿರಲಿಲ್ಲ. ಗೇಮ್ ತಯಾರಿಸಿದ ಸಿಡಿ ಪ್ರಾಜೆಕ್ಟ್ ಸಂಸ್ಥೆ ಕೊಟ್ಟ ದೃಶ್ಯಗಳನ್ನೇ ಬಳಸಬೇಕಿತ್ತು. ಪರಿಣಾಮವಾಗಿ ಬಿಡುಗಡೆಯ ಹಿಂದಿನ ದಿನಗಳಲ್ಲಿ ಎಲ್ಲರೂ ನೋಡಿದ್ದು ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿದ ಪಿಸಿಯ ಅಂಕವನ್ನು. ಪ್ಲೇಸ್ಟೇಷನ್ 4 ಇದ್ದವರು ಅದನ್ನೇ ನಂಬಿ ಮುಂಗಡ ಕೊಟ್ಟರು, ಮನೆಯಲ್ಲಿ ಹಾಕಿ ನೋಡಿದರೆ ರಸ್ತೆಯ ಮೇಲಿನ ಕಾರುಗಳು, ಗೋಡೆಗಳ ಚಿತ್ರಣ ತಡವಾಗಿ ಮೂಡುತ್ತಿದ್ದವು, ಆಟ ನಡುವೆಯೇ ನಿಂತು ಹೋಗುತ್ತಿತ್ತು. 57 ಎಂಬ ಅಂಕ ರೂಪುಗೊಂಡದ್ದು ಇದಾದ ಮೇಲೆ, ಅಂದರೆ ಅದರ ಅಗತ್ಯವಿದ್ದವರು ದುಡ್ಡು ಕೊಟ್ಟಾದ ಮೇಲೆ. ಸಿಡಿ ಪ್ರಾಜೆಕ್ಟ್ ಕ್ಷಮೆ ಕೇಳಿತು, ಒಂದೇ ವಾರದಲ್ಲಿ ಪ್ಲೇಸ್ಟೇಷನ್ ತಯಾರಿಸುವ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಆ ಗೇಮನ್ನು ತೆಗೆದು ಹಣ ಹಿಂದಿರುಗಿಸಲು ಮುಂದಾಯಿತು. ಮತ್ತೆ ಅದು ಅಲ್ಲಿ ಕಾಣಿಸಿಕೊಂಡದ್ದು 2021ರ ಜೂನ್‌ನಲ್ಲಿ. ವಿಮರ್ಶಕರು ಅಲ್ಲಿ ಸುಳ್ಳು ಬರೆದರೆಂದು ನಾನು ಒಪ್ಪುವುದಿಲ್ಲ. ಅವರು ಆಡಿದ ಗೇಮೇ ಬೇರೆ, ಜನ ಆಡಿದ ಗೇಮೇ ಬೇರೆ.

ಅಂಕದ ಭಾರ ನಿಜವಾಗಿ ಬೀಳುವುದು ಗೇಮ್ ಕಟ್ಟುವವರ ಮೇಲೆ, ಮತ್ತು ಅವರ ಬೋನಸ್ಸನ್ನು ಅಂಕಕ್ಕೆ ಕಟ್ಟುವ ಅಭ್ಯಾಸ ನಿಲ್ಲಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. 2010ರಲ್ಲಿ ಬಂದ ಫಾಲ್‌ಔಟ್: ನ್ಯೂ ವೇಗಸ್‌ಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದಿದ್ದರೆ ಅಬ್ಸಿಡಿಯನ್ ಸ್ಟುಡಿಯೊಗೆ ಬೋನಸ್ ಸಿಗುತ್ತಿತ್ತು, ಬಂದದ್ದು 84. ಡೆಸ್ಟಿನಿ ಗೇಮ್‌ಗಾಗಿ ಅದನ್ನು ಕಟ್ಟಿದ ಬಂಜಿ ಮತ್ತು ಪ್ರಕಾಶಕರಾದ ಆಕ್ಟಿವಿಷನ್ ನಡುವೆ ಆಗಿದ್ದ ಒಪ್ಪಂದ 2012ರಲ್ಲಿ ನ್ಯಾಯಾಲಯದ ಮೊಕದ್ದಮೆಯೊಂದರ ಮೂಲಕ ಹೊರಬಿತ್ತು. ಗೇಮ್‌ರ‍್ಯಾಂಕಿಂಗ್ಸ್ ತಾಣದಲ್ಲಿ 90 ಮುಟ್ಟಿದರೆ 25 ಲಕ್ಷ ಡಾಲರ್ ಕೊಡುವುದಾಗಿ ಅದರಲ್ಲಿತ್ತು. ಎಲ್ಲೋ ಒಬ್ಬ ವಿಮರ್ಶಕರು ಏಳು ಕೊಡಬೇಕೋ ಎಂಟು ಕೊಡಬೇಕೋ ಎಂದು ಯೋಚಿಸುವಾಗ, ಅವರಿಗೆ ತಿಳಿಯದಂತೆಯೇ ನೂರಾರು ಜನರ ಬೋನಸ್ ಅದರ ಮೇಲೆ ನಿಂತಿರುತ್ತದೆ. ದೊಡ್ಡ ಗೇಮ್‌ಗಳ ಕೆಲಸದಲ್ಲಿ ನಮ್ಮ ಬೆಂಗಳೂರಿನವರ ಪಾಲೂ ಕಡಿಮೆಯಿಲ್ಲ. 1997ರಲ್ಲಿ ಇಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ಅಮೆರಿಕದ ಗೇಮ್ ಸಂಸ್ಥೆ ರಾಕ್‌ಸ್ಟಾರ್ ಕೊಂಡುಕೊಂಡದ್ದು ಹಲವರಿಗೆ ಗೊತ್ತಿರಬಹುದು.

ಕರಾವಳಿ ಓದುಗ:

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೂ ಅಂಕವನ್ನೇ ಕೈಬಿಡಬೇಕು ಎನ್ನುವವರ ಜೊತೆ ನಾನಿಲ್ಲ. ಗೇಮ್ ವಿಮರ್ಶೆಯ ತಾಣವಾದ ಯೂರೋಗೇಮರ್ 2015ರಲ್ಲಿ ಹತ್ತರ ಅಂಕವನ್ನು ಬಿಟ್ಟು ಶಿಫಾರಸಿನ ಪದ್ಧತಿಗೆ ಬಂತು. 2023ರಲ್ಲಿ ಐದು ನಕ್ಷತ್ರಗಳಿಗೆ ಮರಳಿತು. ಓದುಗರಿಗೆ ಒಂದು ಗುರುತು ಬೇಕೇ ಬೇಕು.

ನನಗೆ ಮೆಚ್ಚುಗೆಯಾದದ್ದು ಜಪಾನಿನ ಫಾಮಿತ್ಸು ಪತ್ರಿಕೆಯ ಪದ್ಧತಿ. ಅಲ್ಲಿ ಒಂದು ಗೇಮನ್ನು ನಾಲ್ವರು ವಿಮರ್ಶಿಸುತ್ತಾರೆ. ಪ್ರತಿಯೊಬ್ಬರೂ ಹತ್ತಕ್ಕೆ ಅಂಕ ಕೊಟ್ಟು, ಅದರ ಜೊತೆ ತಮ್ಮದೇ ಕಿರು ಟಿಪ್ಪಣಿ ಬರೆಯುತ್ತಾರೆ. ಒಟ್ಟು ನಲವತ್ತಕ್ಕೆ ಲೆಕ್ಕ. ಮೊದಲ ಬಾರಿಗೆ ನಲವತ್ತಕ್ಕೆ ನಲವತ್ತು ಪಡೆದದ್ದು 1998ರಲ್ಲಿ ಬಂದ ಜೆಲ್ಡಾ: ಒಕರಿನಾ ಆಫ್ ಟೈಮ್. ಈಚಿನ ವರ್ಷಗಳಲ್ಲಿ ಆ ಪತ್ರಿಕೆ ಧಾರಾಳವಾಗಿದೆ ಎಂಬ ದೂರು ಇದೆ, ಅದು ಸರಿಯೂ ಇರಬಹುದು. ಆದರೆ 9, 9, 8, 6 ಎಂದು ನಾಲ್ಕೂ ಅಂಕಗಳು ಅಕ್ಕಪಕ್ಕ ನಿಂತಾಗ, ಆರು ಕೊಟ್ಟವರು ಏಕೆ ಕೊಟ್ಟರು ಎಂದು ಓದುವ ಕುತೂಹಲ ಹುಟ್ಟುತ್ತದೆ. ಬೆಣ್ಣೆನಗರಿ ಅವರು ಅಳಿಸಿಹೋಗುತ್ತದೆ ಎಂದ ಭಿನ್ನಾಭಿಪ್ರಾಯ ಅಲ್ಲಿ ಪುಟದ ಮೇಲೆಯೇ ಉಳಿದಿರುತ್ತದೆ.

ಇನ್ನೊಂದು ಸಂಗತಿಯನ್ನು ಯಾರೂ ಎತ್ತಿಲ್ಲ: ವಿಮರ್ಶಕರು ಎಲ್ಲಿ ನಿಂತು ನೋಡುತ್ತಿದ್ದಾರೆ ಎಂಬುದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ರಾಜಿ: ಆನ್ ಏನ್ಷಿಯಂಟ್ ಎಪಿಕ್ ಎಂಬ ಗೇಮನ್ನು ಹೊರತಂದಿತು. ಅಪಹೃತನಾದ ತಮ್ಮನನ್ನು ಹುಡುಕಿ ಹೊರಡುವ ಹುಡುಗಿಯ ಕಥೆಯನ್ನು ಅಲ್ಲಿ ದುರ್ಗೆ ಮತ್ತು ವಿಷ್ಣು ನಿರೂಪಿಸುತ್ತಾರೆ. ವಿದೇಶದ ವಿಮರ್ಶಕರು ಚಿತ್ರಕಲೆ, ಸಂಗೀತಗಳನ್ನು ಹೊಗಳಿ, ಕಾಳಗದ ಒರಟುತನವನ್ನೂ ಥಟ್ಟನೆ ಮುಗಿದುಹೋಗುವ ಕಥೆಯನ್ನೂ ಟೀಕಿಸಿದರು. ಆ ಟೀಕೆ ನ್ಯಾಯವಾದದ್ದು. ಕಾಳಗ ಯಾವ ಊರಿನಲ್ಲಿ ಕುಳಿತು ಆಡಿದರೂ ಒರಟಾಗಿಯೇ ಇರುತ್ತದೆ. ಆದರೆ ಅವರು ಹೊಸ ಲೋಕವೊಂದರ ಪರಿಚಯವೆಂದು ಬರೆದ ಕಡೆಗಳಲ್ಲಿ ನಮಗೆ ಕಾಣುವುದು ಅಜ್ಜಿ ಹೇಳಿದ ಕಥೆ, ನಮ್ಮ ಯಕ್ಷಗಾನದಲ್ಲಿ ನೋಡಿದ ಪ್ರಸಂಗ. ಕೋಟೆಯ ಗೋಡೆಯ ಮೇಲಿನ ಚಿತ್ರಗಳ ಎದುರು ನಾನು ನಿಂತಷ್ಟು ಹೊತ್ತು ಅವರು ನಿಂತಿರಲಾರರು. ನನ್ನ ಮಟ್ಟಿಗೆ ಆ ಗೇಮ್‌ನ ಅಂಕ ಎಂಟು, ಮತ್ತು ಇದರಲ್ಲಿ ನನಗೆ ಸಂಕೋಚವಿಲ್ಲ. ಹಾಗಾಗಿ ನಿಮ್ಮ ಅಭಿರುಚಿಗೆ ಹತ್ತಿರವಾದ ಇಬ್ಬರೋ ಮೂವರೋ ವಿಮರ್ಶಕರನ್ನು ಗುರುತಿಸಿಕೊಂಡು, ಅವರ ಬರಹಗಳನ್ನು ಬಿಡದೆ ಓದುತ್ತಾ ಬನ್ನಿ. ಅವರಿಗೆ ಏನು ಹಿಡಿಸುವುದಿಲ್ಲ ಎಂಬುದು ತಿಳಿದ ಮೇಲೆ ಅವರು ಕೊಟ್ಟ ಐದೂ ನಿಮಗೆ ಉಪಯುಕ್ತ ಮಾಹಿತಿಯಾಗುತ್ತದೆ.

ತುಂಗಾತೀರ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹ ಉಳಿದಿದೆ. ಗೇಮ್‌ಗಳಿಗೆ ಬಿಡುಗಡೆಯ ನಂತರವೂ ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಒಂದೆರಡು ವರ್ಷ ಕಾದು, ಬೆಲೆ ಇಳಿದ ಮೇಲೆ ಕೊಳ್ಳುವವರು ಆ ಹಳೆಯ ಅಂಕವನ್ನು ನಂಬಬಹುದೇ?

ಬೆಣ್ಣೆನಗರಿ:

ನಂಬಲು ಬರುವುದಿಲ್ಲ. ಪತ್ರಿಕೆಯೊಂದು ತನ್ನ ಅಂಕವನ್ನು ಆಮೇಲೆ ಬದಲಿಸಿದರೂ ಮೆಟಾಕ್ರಿಟಿಕ್ ಮೊದಲು ಕೊಟ್ಟದ್ದನ್ನೇ ಇಟ್ಟುಕೊಳ್ಳುತ್ತದೆ. ಪ್ರಕಾಶಕರ ಒತ್ತಡಕ್ಕೆ ಮಣಿದು ಅಂಕ ತಿದ್ದಿಸದಿರಲಿ ಎಂಬ ಉದ್ದೇಶವಿರುವುದರಿಂದ ಈ ನಿಯಮವನ್ನು ನಾನು ತಪ್ಪೆನ್ನಲಾರೆ. ಆದರೆ ಅದರಿಂದಾಗಿ ಆ ಸಂಖ್ಯೆ ಬಿಡುಗಡೆಯ ವಾರದ ದಾಖಲೆಯಾಗಿ ಉಳಿಯುತ್ತದೆ, ಇಂದಿನ ಸ್ಥಿತಿಯನ್ನು ಹೇಳುವುದಿಲ್ಲ. ಸೈಬರ್‌ಪಂಕ್ 2023ರಲ್ಲಿ 2.0 ಅಪ್‌ಡೇಟ್ ಪಡೆದು ಬಹುಪಾಲು ಹೊಸ ರೂಪ ತಾಳಿತು. ಆ ಅಪ್‌ಡೇಟ್ ಪ್ಲೇಸ್ಟೇಷನ್ 4ಕ್ಕೆ ಬರಲಿಲ್ಲ ಎಂಬುದು ನಿಮಗೆ ಮುಖ್ಯ. ಈಗಿನ ಹೊಗಳಿಕೆಗಳನ್ನು ಓದಿ ನಿಮ್ಮ ಯಂತ್ರಕ್ಕೆ ಅದನ್ನು ಕೊಂಡರೆ ಹಳೆಯ ತಪ್ಪೇ ತಲೆಕೆಳಗಾಗಿ ಮರುಕಳಿಸುತ್ತದೆ.

ಎರಡು ತಲೆಮಾರಿನ ಯಂತ್ರಗಳಿಗೂ ಬರುವ ಗೇಮ್ ಆಗಿದ್ದರೆ, ವಿಮರ್ಶೆಯ ಕೊನೆಯಲ್ಲಿಯೋ ಪಕ್ಕದ ಪಟ್ಟಿಯಲ್ಲಿಯೋ ಯಾವ ಯಂತ್ರದಲ್ಲಿ ಆಡಿ ಬರೆದದ್ದು ಎಂದು ನಮೂದಿಸಿರುತ್ತಾರೆ. ಮೊದಲು ಅದನ್ನು ನೋಡಿ. ಪ್ಲೇಸ್ಟೇಷನ್ 5 ಎಂದಿದ್ದರೆ ಕಥೆ, ಆಟದ ವಿನ್ಯಾಸಗಳ ಬಗೆಗಿನ ಮಾತನ್ನು ಮಾತ್ರ ತೆಗೆದುಕೊಳ್ಳಿ. ಚಿತ್ರಣದ ವೇಗಕ್ಕೆ ಡಿಜಿಟಲ್ ಫೌಂಡ್ರಿಯವರ ಪರೀಕ್ಷೆಗಳಿವೆ. ಅವರು ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಬಿಡಿ ಚಿತ್ರ, ಮೂಡುತ್ತದೆ ಎಂಬುದನ್ನು ಯಂತ್ರದಿಂದ ಯಂತ್ರಕ್ಕೆ ಅಳೆದು ತೋರಿಸುತ್ತಾರೆ. ಸಾಧ್ಯವಾದಷ್ಟೂ ಡಿಸ್ಕ್ ಕೊಳ್ಳಿ. ಪ್ಲೇಸ್ಟೇಷನ್ ಅಂಗಡಿಯಲ್ಲಿ ಡಿಜಿಟಲ್ ಪ್ರತಿ ಕೊಂಡರೆ, ಡೌನ್‌ಲೋಡ್ ಶುರು ಮಾಡಿದ ಮೇಲೆ ಹಣ ವಾಪಸ್ ಕೇಳುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ಡಿಸ್ಕ್ ಆದರೆ ನಿಮಗೂ ತಮ್ಮನಿಗೂ ಹಿಡಿಸದಿದ್ದಾಗ ಯಾರಿಗಾದರೂ ಮಾರಿ, ಆ ಹಣವನ್ನು ಮುಂದಿನದಕ್ಕೆ ಹಾಕಬಹುದು.