ಕಡಲ ಕಾವಲು ಯಾಕೆ ಇಷ್ಟು ಕಷ್ಟ? ನಿವೃತ್ತ ಪೊಲೀಸ್ ಅಧಿಕಾರಿಯ ಉತ್ತರ

ಪ್ರಶ್ನೆ (ಮಲ್ಪೆಯ ಬೋಟ್ ಮಾಲಕರು): ನಮಸ್ಕಾರ ಸರ್. 2008ರ ಮುಂಬೈ ದಾಳಿ ಆದ ಮೇಲೆ ಎನ್‌ಐಎ (ರಾಷ್ಟ್ರೀಯ ತನಿಖಾ ದಳ) ಬಂತು, ಕಾನೂನು ಬಿಗಿಯಾಯಿತು. ಭಯೋತ್ಪಾದನೆ ತಡೆಯುವ ನಿಯಮಗಳಿಗೇನೂ ಕಮ್ಮಿ ಇಲ್ಲ. ಕಡಲಲ್ಲಿ ಅದರ ಜಾರಿ ಯಾಕೆ ಇಷ್ಟು ಕಷ್ಟ?

ಉತ್ತರ: ಕಡಲಿಗೆ ಯಜಮಾನರು ಜಾಸ್ತಿ, ಅದೇ ಮೊದಲ ಕಷ್ಟ. ದಡದಿಂದ 12 ನಾಟಿಕಲ್ ಮೈಲಿವರೆಗೆ ಕರಾವಳಿ ಕಾವಲು ಪೊಲೀಸರು. ಅವರ ಕೇಂದ್ರ ಕಚೇರಿ ನಿಮ್ಮ ಮಲ್ಪೆಯಲ್ಲೇ ಇದೆ. ಅದರಾಚೆ ಕೋಸ್ಟ್ ಗಾರ್ಡ್. ಒಟ್ಟು ಹೊಣೆ ನೌಕಾಪಡೆಯದ್ದು. ಬೋಟ್ ಲೈಸೆನ್ಸ್ ಮಾತ್ರ ಮೀನುಗಾರಿಕೆ ಇಲಾಖೆ ಕೈಯಲ್ಲಿ. ಒಬ್ಬರಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ತಡವಾಗಿ ಮುಟ್ಟಿದರೆ ಎಷ್ಟು ಕಾನೂನು ಇದ್ದರೂ ಉಪಯೋಗ ಇಲ್ಲ.

ಎರಡನೆಯದು ನಿಮಗೇ ಚೆನ್ನಾಗಿ ಗೊತ್ತು. ಮುಂಬೈಗೆ ಬಂದವರು ದಾರಿಯಲ್ಲಿ ವಶಪಡಿಸಿಕೊಂಡದ್ದು ಪೋರಬಂದರಿನ ‘ಕುಬೇರ್’ ಅನ್ನುವ ಮೀನುಗಾರಿಕೆ ಬೋಟ್. ನಮ್ಮದೇ ಬೋಟ್ ಕಂಡರೆ ಯಾರಿಗೆ ಸಂಶಯ ಬರುತ್ತದೆ ಹೇಳಿ? ಗುರುತು ತೋರಿಸುವ ಎಐಎಸ್ ಯಂತ್ರ ಕಡ್ಡಾಯ ಇರುವುದು 20 ಮೀಟರಿಗಿಂತ ಉದ್ದದ ಬೋಟುಗಳಿಗೆ. ನಾಡದೋಣಿಗಳೆಲ್ಲ ಅದರಿಂದ ಹೊರಗೆ.

ಪ್ರಶ್ನೆ (ಮಂಗಳೂರಿನವರೊಬ್ಬರು): 2022ರ ನವೆಂಬರ್ 19ರಂದು ಇಲ್ಲಿ ರಿಕ್ಷಾದಲ್ಲಿ ಕುಕ್ಕರ್ ಬಾಂಬ್ ಸ್ಫೋಟ ಆಯ್ತಲ್ವಾ? ಆ ಕೇಸ್ ಎನ್‌ಐಎಗೆ ಹೋಯಿತು. ಹಾಗಾದರೆ ಊರಿನ ಠಾಣೆಗೆ ಏನು ಕೆಲಸ ಸರ್?

ಉತ್ತರ: ತುಂಬಾ ಕೆಲಸ ಇದೆ ಮಾರಾಯ್ರೇ. ಠಾಣೆಯ ವರದಿ ರಾಜ್ಯ ಸರ್ಕಾರದ ಮೂಲಕ ಕೇಂದ್ರಕ್ಕೆ ಹೋಗಬೇಕು. ಕೈ ತಲುಪಿದ 15 ದಿನದೊಳಗೆ ಕೇಂದ್ರ ತೀರ್ಮಾನಿಸುತ್ತದೆ. ಎನ್‌ಐಎ ಕೈಗೆತ್ತಿಕೊಳ್ಳುವವರೆಗೆ ತನಿಖೆ ಠಾಣೆಯದ್ದೇ. ಜಾಗಕ್ಕೆ ಜನ ನುಗ್ಗದಂತೆ ತಡೆಯುವುದು, ಪಂಚನಾಮೆ, ಸಿಸಿಟಿವಿ ದೃಶ್ಯ ಅಳಿಸಿ ಹೋಗುವ ಮೊದಲು ತೆಗೆದಿಡುವುದು, ಎಲ್ಲ ಅವರೇ ಮಾಡಬೇಕು. ಅಲ್ಲಿ ತಪ್ಪಿದರೆ ಮುಂದೆ ಕೋರ್ಟಿನಲ್ಲಿ ಕೇಸ್ ನಿಲ್ಲುವುದು ಕಷ್ಟ. ತರಬೇತಿ ಮೊದಲು ಸಿಗಬೇಕಾದದ್ದು ಠಾಣೆಯ ಪಿಎಸ್‌ಐ ಮತ್ತು ಪೇದೆಗಳಿಗೆ ಅಂತ ನಾನು ಬಲವಾಗಿ ನಂಬುತ್ತೇನೆ.

ದಿಲ್ಲಿಗೂ ರಾಜ್ಯಗಳಿಗೂ ಎಳೆದಾಟವೂ ಇದೆ. 2012ರಲ್ಲಿ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರ ಮಾಡಲು ಹೊರಟಾಗ ಹಲವು ಮುಖ್ಯಮಂತ್ರಿಗಳು ವಿರೋಧಿಸಿದರು. ಪೊಲೀಸ್ ವ್ಯವಸ್ಥೆ ರಾಜ್ಯದ ವಿಷಯ ಅನ್ನುವುದು ಅವರ ವಾದ. ಅದು ಅಲ್ಲೇ ನಿಂತಿತು.

ಪ್ರಶ್ನೆ (ಬೋಟ್ ಮಾಲಕರು): ಮಾಹಿತಿ ಕೊಟ್ಟವನನ್ನೇ ಠಾಣೆಗೆ ಅಲೆದಾಡಿಸುತ್ತಾರೆ ಅಂತ ನಮ್ಮ ತಂಡೇಲರಿಗೆ (ಬೋಟ್ ನಡೆಸುವವರಿಗೆ) ಹೆದರಿಕೆ ಸರ್.

ಉತ್ತರ: ಆ ಹೆದರಿಕೆ ಹೋಗಲೇಬೇಕು. ಒಂದು ಸಮುದಾಯವನ್ನೋ ಕೇರಿಯನ್ನೋ ಸುಮ್ನೆ ಸಂಶಯದಿಂದ ನೋಡಿದರೂ ಹೀಗೇ ಆಗುತ್ತದೆ. ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ಮಾಹಿತಿ ಬತ್ತಿ ಹೋಗುತ್ತದೆ. ಕಡಲಲ್ಲಿ ಅನುಮಾನದ ಬೋಟ್ ಕಂಡರೆ ಹತ್ತಿರ ಹೋಗಬೇಡಿ. ಜಾಗ, ಸಮಯ, ಬೋಟಿನ ಬಣ್ಣ, ನಂಬರ್ ಗುರುತು ಹಾಕಿಕೊಂಡು ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆ ಮಾಡಿ. ಕೋಸ್ಟ್ ಗಾರ್ಡ್ ನಂಬರ್ 1554. ಎರಡನ್ನೂ ವೀಲ್‌ಹೌಸ್‌ನಲ್ಲಿ ದೊಡ್ಡದಾಗಿ ಬರೆಸಿಡಿ.